ಮತವಿಲ್ಲದ ಪ್ರಜೆಗಳ ವಕಾಲತ್ತು

ನಮ್ಮ ರಾಜ್ಯದ ವಿಧಾನಮಂಡಲದ ರಚನೆಯನ್ನು ಸಾವಧಾನವಾಗಿ ಪರಿಶೀಲಿಸುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ವಿಧಾನಸಭೆಯ 224 ಮಂದಿ ಸದಸ್ಯರಲ್ಲಿ ಕಬ್ಬು ಬೆಳೆಯುವವರ ಕಷ್ಟವನ್ನು ಬಲ್ಲವರಿದ್ದಾರೆ. ಅಡಿಕೆಯ ಧಾರಣೆ ಕುಸಿದಾಗ ಎದ್ದು ನಿಂತು ಮಾತನಾಡುವವರಿದ್ದಾರೆ. ತಮ್ಮ ಸೀಮೆಯ ನಾಲೆಗೆ ನೀರು ಬಾರದಿದ್ದರೆ ಸಭಾಧ್ಯಕ್ಷರ ಪೀಠದ ಮುಂದೆ ಧರಣಿ ಕೂರುವವರೂ ಇದ್ದಾರೆ. ವಿಧಾನಪರಿಷತ್ತಿನ 75 ಸ್ಥಾನಗಳಲ್ಲಂತೂ ಶಿಕ್ಷಕರಿಗೆಂದೇ ಏಳು ಕ್ಷೇತ್ರಗಳು ಮೀಸಲಾಗಿವೆ. ಆದರೆ ಆ ಕ್ಷೇತ್ರಗಳಲ್ಲಿ ಮತ ಹಾಕುವ ಅಧಿಕಾರವನ್ನು ಸಂವಿಧಾನದ 171ನೆಯ ಅನುಚ್ಛೇದವು ಮಾಧ್ಯಮಿಕ ಶಾಲೆಗಿಂತ ಕೆಳಮಟ್ಟದ್ದಲ್ಲದ ಸಂಸ್ಥೆಗಳಲ್ಲಿ ಕಲಿಸುವವರಿಗೆ ಮಾತ್ರ ಕೊಟ್ಟಿದೆ. ಪ್ರಾಥಮಿಕ ಶಾಲೆಯ ಮೇಷ್ಟರು ಆ ಗೆರೆಯ ಹೊರಗೆ ಉಳಿದರು. ಅಂಗನವಾಡಿಯ ಕಾರ್ಯಕರ್ತೆಯಂತೂ ಅದಕ್ಕೂ ಬಹುದೂರ. ಮಗು ಎಷ್ಟು ಚಿಕ್ಕದೋ ಅದನ್ನು ಸಾಕಿ ಕಲಿಸುವವಳ ದನಿಯು ಶಾಸನಸಭೆಯಿಂದ ಅಷ್ಟು ದೂರವಾಗಿರುವ ಈ ವ್ಯವಸ್ಥೆಯಲ್ಲಿ, ಆರು ವರ್ಷ ತುಂಬದ ಮಕ್ಕಳ ಪರವಾಗಿ ವಕಾಲತ್ತು ವಹಿಸತಕ್ಕವರು ಯಾರು, ಅವರು ಶಾಸಕರ ಮುಂದೆ ಏನನ್ನು ಹೇಗೆ ಕೇಳಬೇಕು ಎಂಬುದು ಪ್ರತಿಯೊಬ್ಬ ನಾಗರಿಕನೂ ಯೋಚಿಸಬೇಕಾದ ವಿಷಯವೆಂದು ನಾನು ಭಾವಿಸುತ್ತೇನೆ.

ಈ ಮಕ್ಕಳ ವಿಷಯವು ಶಾಸಕರ ಔದಾರ್ಯಕ್ಕೆ ಬಿಟ್ಟ ಮಾತಾಗಿ ಪರಿಣಮಿಸಿದ್ದು ಹೇಗೆಂಬುದಕ್ಕೆ ಒಂದು ಚರಿತ್ರೆಯುಂಟು. ಸಂವಿಧಾನವು ಜಾರಿಗೆ ಬಂದಾಗ ಅದರ 45ನೆಯ ಅನುಚ್ಛೇದವು ಹದಿನಾಲ್ಕು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗಾಗಿ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ನಿರ್ದೇಶಿಸಿತ್ತು. ಅಲ್ಲಿ ಕೆಳಗಿನ ವಯೋಮಿತಿಯೆಂಬುದೇ ಇರಲಿಲ್ಲ. ಹತ್ತು ವರ್ಷಗಳು ಕಳೆದುಹೋದವು, ನಲವತ್ತೂ ಕಳೆದವು. 1992ರಲ್ಲಿ ನಮ್ಮ ರಾಜ್ಯದ ಕ್ಯಾಪಿಟೇಷನ್ ಶುಲ್ಕದ ವಿವಾದದಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿಯೂ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವನ್ನು ಬದುಕುವ ಹಕ್ಕಿನೊಡನೆ ಸೇರಿಸಿ ಓದಿತು. ಎರಡನೆಯ ತೀರ್ಪಿನಲ್ಲಿ ಹದಿನಾಲ್ಕು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಆ ಹಕ್ಕು ಇದೆಯೆಂದು ಸಾರಿತು. ತೊಟ್ಟಿಲ ಕೂಸು ಸಹ ಆ ಮಾತಿನ ಆವರಣದೊಳಗೇ ಇತ್ತು. ಆದರೆ 2002ರ 86ನೆಯ ತಿದ್ದುಪಡಿಯ ಮೂಲಕ ಆ ಹಕ್ಕನ್ನು ಬರಹಕ್ಕೆ ಇಳಿಸುವಾಗ ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ ಮೂಲಭೂತ ಹಕ್ಕಿನ ಸ್ಥಾನ ದೊರೆಯಿತು. ಆರಕ್ಕಿಂತ ಕೆಳಗಿನವರ ಪೋಷಣೆಯೂ ಶಿಕ್ಷಣವೂ ಹೊಸ ರೂಪದ 45ನೆಯ ಅನುಚ್ಛೇದದಲ್ಲಿ ರಾಜ್ಯದ ಪ್ರಯತ್ನಕ್ಕೆ ಬಿಟ್ಟ ನಿರ್ದೇಶಕ ತತ್ತ್ವವಾಗಿಯೇ ಉಳಿದುಕೊಂಡವು. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಪ್ರಕರಣವೂ ಅಷ್ಟೇ: ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು ಸರ್ಕಾರವು ಮಾಡಬಹುದು ಎಂದಿತು, ಮಾಡತಕ್ಕದ್ದು ಎನ್ನಲಿಲ್ಲ. ಆರು ವರ್ಷದ ಮಗುವಿಗೆ ಶಾಲೆಯಲ್ಲಿ ಸ್ಥಾನವಿಲ್ಲವೆಂದರೆ ತಂದೆಯು ಹಕ್ಕಿನ ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋಗಬಲ್ಲನು. ಎರಡು ವರ್ಷದ ಮಗುವನ್ನು ಹಗಲಿನಲ್ಲಿ ನೋಡಿಕೊಳ್ಳಲು ಊರಿನಲ್ಲಿ ಒಂದು ಜಾಗವಿಲ್ಲವೆಂದರೆ ತಾಯಿಯು ಶಾಸಕರ ಮನೆಯ ಬಾಗಿಲಿಗೇ ಹೋಗಬೇಕು.

ಹಾಗೆ ಹೊರಗುಳಿದ ಆರು ವರ್ಷಗಳು ಮನುಷ್ಯಜೀವನದಲ್ಲಿ ಅಲ್ಪವಾದವುಗಳಾಗಿದ್ದರೆ ಇಷ್ಟು ಹೇಳುವ ಅಗತ್ಯವಿರುತ್ತಿರಲಿಲ್ಲ. ಮಿದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇಕಡಾ 85ಕ್ಕೂ ಮಿಕ್ಕ ಭಾಗವು ಆರು ವರ್ಷಕ್ಕೆ ಮೊದಲೇ ಆಗಿಹೋಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಿದೆ. ಗರ್ಭ ನಿಂತ ದಿನದಿಂದ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳಲ್ಲಿ ಮಗುವಿಗೆ ಅನ್ನದ ಕೊರತೆಯಾದರೆ ದೇಹದ ನೀಳವು ಕುಗ್ಗುತ್ತದೆ, ಆ ಬಳಿಕ ಎಷ್ಟು ತುಪ್ಪ ತಿನ್ನಿಸಿದರೂ ಹೋದದ್ದು ಪೂರ್ತಿಯಾಗಿ ಮರಳಿ ಬರುವುದು ಕಷ್ಟ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು, ಶೇಕಡಾ 32.9ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ರಕ್ತಹೀನತೆಯಂತೂ ಹಿಂದಿನ ಸಮೀಕ್ಷೆಯಲ್ಲಿ ಶೇಕಡಾ 60.9 ಇದ್ದದ್ದು 65.5ಕ್ಕೆ ಏರಿತು. ತಂತ್ರಾಂಶದ ರಫ್ತಿನಿಂದ ಜಗತ್ತಿನಲ್ಲಿ ಹೆಸರು ಗಳಿಸಿದ ರಾಜ್ಯದಲ್ಲಿ ಮೂರರಲ್ಲಿ ಒಂದು ಮಗು ಬೆಳೆಯಬೇಕಾದಷ್ಟು ಬೆಳೆಯಲಿಲ್ಲವೆಂಬ ಈ ಅಂಕಿಯನ್ನು ಓದುವಾಗ ಮನಸ್ಸು ಕಲಕಿಹೋಗುತ್ತದೆ. ಅದು ಸದನದಲ್ಲಿ ಒಂದಿಡೀ ದಿವಸದ ಚರ್ಚೆಗೆ ಅರ್ಹವಾದ ಸಂಗತಿಯೆಂಬುದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ.

ಏನೂ ನಡೆದಿಲ್ಲವೆಂದು ಹೇಳಿದರೆ ಅದು ಅಸತ್ಯವಾಗುತ್ತದೆ. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಸಹಯೋಗಿನಿಯಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯೆಂಬ ಕಡಲತೀರದ ಹಳ್ಳಿಗೆ ಹೋಗಿ, ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗತಕ್ಕದ್ದೆಂಬ ನಿಲುವಿನಿಂದ ಕೆಲಸ ಮಾಡಿದರು. ಈ ಪುಣ್ಯಜೀವಿಗಳ ಶ್ರಮವು ರಾಜ್ಯದ ಕಾರ್ಯಕ್ರಮವಾಗಿ ರೂಪುಗೊಂಡದ್ದು 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ. ಕರ್ನಾಟಕದ ಪಾಲಿಗೆ ಆ ಗೌರವ ಸಂದದ್ದು ಕಾವೇರಿ ಕಪಿಲೆಯರು ಕೂಡುವ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಲ್ಲಿ 100 ಅಂಗನವಾಡಿಗಳೊಡನೆ ಮೊದಲಾದ ಕೆಲಸವು ಇಂದು ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಕೇಂದ್ರಗಳಾಗಿ ಹಬ್ಬಿದೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಸೇವೆ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಪೋಷಣೆಯ ತಿಳಿವಳಿಕೆ ಎಂಬ ಆರು ಹೊಣೆಗಳನ್ನು ಒಂದೇ ಕೊಠಡಿಯಲ್ಲಿ ಒಬ್ಬ ಕಾರ್ಯಕರ್ತೆಯೂ ಒಬ್ಬ ಸಹಾಯಕಿಯೂ ಹೊತ್ತಿದ್ದಾರೆ. ಬೆಳಿಗ್ಗೆ ಮಕ್ಕಳನ್ನು ಮನೆಮನೆಯಿಂದ ಕರೆತಂದು, ಚಿಲಿಪಿಲಿ ಪಠ್ಯದ ಹಾಡು ಆಟಗಳನ್ನು ಆಡಿಸಿ, ಅನ್ನ ಸಾರು ಬೇಯಿಸಿ, ಗರ್ಭಿಣಿಯರಿಗೆ ಬಡಿಸಿ, ತೂಕದ ಪಟ್ಟಿ ಬರೆದು, ಮೊಬೈಲಿನ ಪೋಷಣ್ ಟ್ರ್ಯಾಕರಿನಲ್ಲಿ ಅದನ್ನೇ ಮತ್ತೆ ತುಂಬಿಸಿ, ಮತದಾರರ ಪಟ್ಟಿಯ ಪರಿಷ್ಕರಣೆ ಬಂದಾಗ ಬೀದಿಬೀದಿ ಅಲೆಯುವ ಆಕೆಗೆ ಸರ್ಕಾರವು ಕೊಡುವುದು ಸಂಬಳವಲ್ಲ, ಗೌರವಧನ.

ಶಾಸಕರಲ್ಲಿ ಬಿನ್ನವಿಸಿಕೊಳ್ಳಲು ಹೋಗುವವರು ಮೊದಲು ತಿಳಿದಿರಬೇಕಾದದ್ದು ಯಾವುದು ದಿಲ್ಲಿಯ ಕೈಯಲ್ಲಿದೆ, ಯಾವುದು ಬೆಂಗಳೂರಿನ ಕೈಯಲ್ಲಿದೆ ಎಂಬುದನ್ನು. ಏಕೆಂದರೆ ಯಾವ ಬೇಡಿಕೆಯನ್ನಾದರೂ ಅದು ಕೇಂದ್ರದ ವಿಷಯವೆಂದು ಹೇಳಿ ಕೈತೊಳೆದುಕೊಳ್ಳುವ ಅವಕಾಶವು ಇಲ್ಲಿ ಬಹಳವಾಗಿದೆ. ಅಂಗನವಾಡಿಯ ಮಗುವಿನ ದಿನದ ಆಹಾರಕ್ಕೆ 2017ರಲ್ಲಿ ಕೇಂದ್ರವು ನಿಗದಿಗೊಳಿಸಿದ ಮೊತ್ತ 8 ರೂಪಾಯಿ. ಅದರಲ್ಲಿ ಅರ್ಧವನ್ನು ರಾಜ್ಯವು ಭರಿಸಬೇಕು. ಕಾರ್ಯಕರ್ತೆಯ ಗೌರವಧನವೆಂದು ಕೇಂದ್ರದ ನಿಯಮವು 2018ರಲ್ಲಿ ಗೊತ್ತುಪಡಿಸಿದ್ದು 4,500 ರೂಪಾಯಿ, ಸಹಾಯಕಿಗೆ 2,250; ಅದಕ್ಕೆ ಮೇಲ್ಪಟ್ಟು ಎಷ್ಟು ಕೊಡಬೇಕೆಂಬುದು ಸಂಪೂರ್ಣವಾಗಿ ರಾಜ್ಯದ ಇಚ್ಛೆ. ಆದುದರಿಂದಲೇ ನೆರೆರಾಜ್ಯಗಳಲ್ಲಿ ಅದೇ ಕೆಲಸಕ್ಕೆ ಬೇರೆ ಬೇರೆ ಮೊತ್ತಗಳಿವೆ. ಈ ಇಚ್ಛೆಯನ್ನು ನಮ್ಮ ರಾಜ್ಯವು ಒಳ್ಳೆಯ ರೀತಿಯಲ್ಲಿ ಬಳಸಿದ ಉದಾಹರಣೆಗಳೂ ಇವೆ: 2013ರ ಆಗಸ್ಟಿನಲ್ಲಿ ಮೊದಲಾದ ಕ್ಷೀರಭಾಗ್ಯದಿಂದ ಅಂಗನವಾಡಿಯ ಮಕ್ಕಳಿಗೆ ಹಾಲು ದೊರೆಯಿತು, 2017ರ ಗಾಂಧಿ ಜಯಂತಿಯಂದು ಆರಂಭವಾದ ಮಾತೃಪೂರ್ಣದಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ದಿನಕ್ಕೊಂದು ಬಿಸಿಯೂಟ ದೊರೆಯಿತು. ಇವು ಯಾವುವೂ ದಿಲ್ಲಿಯ ಅಪ್ಪಣೆಗೆ ಕಾಯಲಿಲ್ಲ. ಹಾಗೆಯೇ ಆ 8 ರೂಪಾಯಿಗೆ ರಾಜ್ಯವು ತನ್ನ ಬೊಕ್ಕಸದಿಂದ ಇನ್ನೆರಡು ರೂಪಾಯಿಗಳನ್ನು ಸೇರಿಸಿದರೆ, ವರ್ಷದ 300 ಊಟದ ದಿನಗಳಿಗೆ ಒಂದು ಲಕ್ಷ ಮಕ್ಕಳ ಲೆಕ್ಕದಲ್ಲಿ ತಗಲುವ ವೆಚ್ಚ ಆರು ಕೋಟಿ ರೂಪಾಯಿ. ಈ ಬಗೆಯ ಸರಳ ಗಣಿತವನ್ನು ಶಾಸಕರ ಮುಂದೆ ಇಡಬೇಕೆಂಬುದು ನನ್ನ ಅಭಿಪ್ರಾಯ. ದೊಡ್ಡ ದೊಡ್ಡ ವಿಶೇಷಣಗಳಿಂದ ತುಂಬಿದ ಮನವಿಗಿಂತ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಆದರೆ ನಮ್ಮ ವ್ಯವಸ್ಥೆಯ ಅತ್ಯಂತ ದೊಡ್ಡ ಬಿರುಕು ಅಂಗನವಾಡಿಯ ಒಳಗಿರುವುದಲ್ಲ, ಅದರ ಹೊಸ್ತಿಲಿಗೆ ಇನ್ನೂ ಬಾರದ ಮಗುವಿನ ಬಳಿ ಇದೆ. ಅಂಗನವಾಡಿಯಲ್ಲಿ ದಿನವಿಡೀ ಕುಳಿತುಕೊಳ್ಳುವುದು ಮೂರರಿಂದ ಆರು ವರ್ಷದ ಮಗು. ಮೂರು ತುಂಬದ ಮಗುವಿಗೆ ಸಾಮಾನ್ಯವಾಗಿ ಸಲ್ಲುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ ಮತ್ತು ತೂಕದ ದಾಖಲೆ. ಹಾಗಾದರೆ ಕೂಲಿಗೆ ಹೋಗುವ ತಾಯಿಯ ಎಂಟು ತಿಂಗಳ ಶಿಶುವು ಹಗಲಿನಲ್ಲಿ ಎಲ್ಲಿರುತ್ತದೆ? ಹೊಲದ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಕಟ್ಟಡದ ಕಾಮಗಾರಿಯ ಮರಳಿನ ರಾಶಿಯ ಮೇಲೆ, ಇಲ್ಲವೇ ಶಾಲೆ ಬಿಡಿಸಿಕೊಂಡ ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಈ ಕೊನೆಯ ಸಂಗತಿಯನ್ನು ನಾವು ಬಹುಕಾಲದಿಂದ ಸಹಜವೆಂದು ಬಗೆದುಕೊಂಡು ಬಂದಿದ್ದೇವೆ. ಒಂದು ಮಗುವಿನ ಪಾಲನೆಗಾಗಿ ಇನ್ನೊಂದು ಮಗುವಿನ ವಿದ್ಯೆಯನ್ನು ಬಲಿಕೊಡುವುದು ಯಾವ ನ್ಯಾಯದಲ್ಲಿಯೂ ಸಹಜವಲ್ಲ. 1969ರಲ್ಲಿ ಗಾಂಧಿ ಜನ್ಮಶತಾಬ್ದಿಯ ನಿಮಿತ್ತ ದಿಲ್ಲಿಯ ರಾಜಘಾಟಿನ ಬಳಿ ನಡೆಯುತ್ತಿದ್ದ ಕಾಮಗಾರಿಯ ಧೂಳಿನಲ್ಲಿ ಕೂಲಿಕಾರರ ಮಕ್ಕಳು ಬಿದ್ದಿದ್ದುದನ್ನು ಕಂಡು ಮೀರಾ ಮಹಾದೇವನ್ ಅವರು ಅಲ್ಲಿಯೇ ಒಂದು ಡೇರೆ ಹಾಕಿ ಮೊಬೈಲ್ ಕ್ರೆಷಸ್ ಸಂಸ್ಥೆಯನ್ನು ಆರಂಭಿಸಿದರು. ಐವತ್ತು ವರ್ಷಗಳಿಗೂ ಮಿಕ್ಕ ಮೇಲೆಯೂ ಆ ಡೇರೆಯ ಅಗತ್ಯ ತೀರಿಲ್ಲ.

ಕಾನೂನಿನಲ್ಲಿ ಮಾತ್ರ ಇಂತಹ ತಾಯಂದಿರ ಸ್ಮರಣೆಯು ಹಲವು ಸಲ ಬಂದಿದೆ. 1948ರ ಕಾರ್ಖಾನೆ ಕಾಯಿದೆಯು ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರತಕ್ಕದ್ದೆಂದು ವಿಧಿಸಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಆ ಹೊಣೆಯನ್ನು ವಿಸ್ತರಿಸಿ, ತಾಯಿಯು ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಅನುಮತಿ ಕೊಟ್ಟಿತು. 2005ರ ಉದ್ಯೋಗ ಖಾತ್ರಿ ಕಾಯಿದೆಯು ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಬೇಕೆಂದಿತು. ಆದರೂ ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಲಕ್ಷಾಂತರ ಹೆಣ್ಣುಮಕ್ಕಳಲ್ಲಿ ಅನೇಕರು ಎಳೆಯ ಕೂಸನ್ನು ಊರಿನ ಅಜ್ಜಿಯ ಬಳಿ ಬಿಟ್ಟು ಬಂದವರು. ಕಾರ್ಖಾನೆಯಲ್ಲಿ ಕೊಠಡಿ ಇದ್ದರೂ, ಕಿಕ್ಕಿರಿದ ಬಸ್ಸಿನಲ್ಲಿ ಅಷ್ಟು ದೂರ ಕೂಸನ್ನು ಹೊತ್ತು ತರುವುದು ಹೇಗೆ? ಮನೆಯ ಹತ್ತಿರದ ಅಂಗನವಾಡಿಯು ಸಂಜೆ ನಾಲ್ಕಕ್ಕೆ ಬಾಗಿಲು ಮುಚ್ಚಿದರೆ, ಐದೂವರೆಗೆ ಪಾಳಿ ಮುಗಿಸುವವಳ ಮಗು ಆ ನಡುವಣ ಹೊತ್ತು ಯಾರ ಬಳಿ ಇರಬೇಕು? ಪ್ರಶ್ನೆ ಚಿಕ್ಕದು, ಆದರೆ ಅದಕ್ಕೆ ಉತ್ತರ ದೊರೆಯದ ಕಾರಣದಿಂದ ಕೆಲಸ ಬಿಟ್ಟ ಹೆಂಗಸರು ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ.

ಈ ದಿಕ್ಕಿನಲ್ಲಿ ಕರ್ನಾಟಕವು ಒಂದು ಹೆಜ್ಜೆ ಇಟ್ಟಿತೆಂದು ಸಂತೋಷದಿಂದ ಹೇಳಬಹುದು. 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಹೆಸರಿನ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವ ಯೋಜನೆಯು ಕೈಗೊಳ್ಳಲ್ಪಟ್ಟಿತು; ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ಊರಿನ ಹೆಂಗಸರೇ ತರಬೇತಿ ಪಡೆದು ನೋಡಿಕೊಳ್ಳುವ ಏರ್ಪಾಡು ಅದು. ಆಲೋಚನೆ ಉದಾತ್ತವಾದದ್ದು. ಆದರೆ ಇಂತಹ ಕೇಂದ್ರವು ಬಾಳುವುದು ಉದ್ಘಾಟನೆಯ ದಿನದ ರಿಬ್ಬನಿನಿಂದಲ್ಲ. ಪಾಲಕಿಗೆ ತಿಂಗಳು ತಿಂಗಳು ಸರಿಯಾಗಿ ಕೂಲಿ ಸಂದರೆ, ಅಡುಗೆಗೆ ಅನಿಲವೂ ಹಾಲೂ ತಪ್ಪದಿದ್ದರೆ, ಒಬ್ಬಾಕೆಯ ಕೈಗೆ ಹದಿನೈದು ಇಪ್ಪತ್ತು ಕೂಸುಗಳನ್ನು ಒಪ್ಪಿಸದಿದ್ದರೆ ಮಾತ್ರ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಪಾಲಕಿ, ಮೂರರಿಂದ ಆರರ ಇಪ್ಪತ್ತು ಮಕ್ಕಳಿಗೆ ಒಬ್ಬಾಕೆ ಎಂಬ ಪ್ರಮಾಣವನ್ನು 2013ರ ರಾಷ್ಟ್ರೀಯ ಪೂರ್ವಬಾಲ್ಯ ಪಾಲನೆ ಮತ್ತು ಶಿಕ್ಷಣ ನೀತಿಯು ಹೇಳಿದೆ. ಅದನ್ನು ಪಾಲಿಸಲಾಗುತ್ತಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಸದನದಲ್ಲಿ ಕೇಳುವವರು ಬೇಕು.

ಶಾಸಕರ ಮನಸ್ಸನ್ನು ಒಲಿಸಿಕೊಳ್ಳುವ ಕಾರ್ಯವು ಎಷ್ಟು ದೀರ್ಘವಾಗಬಹುದು, ಎಷ್ಟು ಫಲಪ್ರದವೂ ಆಗಬಹುದೆಂಬುದಕ್ಕೆ ದೂರದೇಶದ ಒಂದು ನಿದರ್ಶನವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕೆನ್ನಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯದಲ್ಲಿರುವ ನ್ಯೂ ಮೆಕ್ಸಿಕೊ ಆ ದೇಶದ ಬಡರಾಜ್ಯಗಳಲ್ಲಿ ಒಂದು. ಮಕ್ಕಳ ಬಡತನದಲ್ಲಿ ಬಹುಕಾಲ ಅದರ ಸ್ಥಾನ ಪಟ್ಟಿಯ ತುದಿಯಲ್ಲಿಯೇ ಇರುತ್ತಿತ್ತು. ಆದರೆ ಅದರ ಸರ್ಕಾರಿ ಭೂಮಿಗಳಿಂದ ಬರುವ ತೈಲ ಮತ್ತು ಅನಿಲದ ರಾಜಧನವು ಸೇರಿ ಬೆಳೆದ ಒಂದು ಶಾಶ್ವತ ನಿಧಿಯು ಸಹಸ್ರಾರು ಕೋಟಿ ಡಾಲರುಗಳ ಮೊತ್ತದಲ್ಲಿ ಕೂಡಿಬಿದ್ದಿತ್ತು. ಆ ನಿಧಿಯ ಒಂದು ಅಲ್ಪಾಂಶವನ್ನು ಪ್ರತಿವರ್ಷ ಶಿಶುಗಳ ಪಾಲನೆಗೆ ಬಳಸಬೇಕೆಂದು ತಾಯಂದಿರೂ, ಶಿಶುಪಾಲನಾ ಕೇಂದ್ರಗಳ ಕೆಲಸಗಾರ್ತಿಯರೂ, ಚರ್ಚುಗಳವರೂ ಸುಮಾರು ಒಂದು ದಶಕ ಕಾಲ ಪ್ರತಿ ಅಧಿವೇಶನದಲ್ಲಿಯೂ ಸಾಂತಾ ಫೆ ನಗರದ ಶಾಸನಭವನಕ್ಕೆ ಬಂದು ಕೇಳಿಕೊಳ್ಳುತ್ತಿದ್ದರು. ಕೆಳಮನೆಯು ಒಪ್ಪಿದರೂ ಮೇಲ್ಮನೆಯ ಹಣಕಾಸು ಸಮಿತಿಯಲ್ಲಿ ಆ ನಿರ್ಣಯವು ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ನಿಧಿಯನ್ನು ಮುಂದಿನ ತಲೆಮಾರುಗಳಿಗಾಗಿ ಕಾಪಾಡಬೇಕೆಂಬುದು ಸಮಿತಿಯ ಅಧ್ಯಕ್ಷ ಜಾನ್ ಆರ್ಥರ್ ಸ್ಮಿತ್ ಅವರ ವಾದ. ಆ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಮುಂದಿನ ತಲೆಮಾರು ಈಗಾಗಲೇ ಹುಟ್ಟಿ ತೊಟ್ಟಿಲಲ್ಲಿ ಮಲಗಿದೆಯೆಂಬುದು ತಾಯಂದಿರ ಪ್ರತ್ಯುತ್ತರವಾಗಿತ್ತು. 2020ರ ಪಕ್ಷದೊಳಗಿನ ಚುನಾವಣೆಯಲ್ಲಿ ಹಲವು ಕಾರಣಗಳು ಕೂಡಿ ಆ ಅಧ್ಯಕ್ಷರೂ ಅವರ ಕೆಲವು ಸಹಸದಸ್ಯರೂ ಸೋತರು. 2021ರಲ್ಲಿ ಎರಡೂ ಸದನಗಳು ನಿರ್ಣಯವನ್ನು ಅಂಗೀಕರಿಸಿದವು. 2022ರ ನವೆಂಬರಿನಲ್ಲಿ ಮತದಾರರಲ್ಲಿ ಶೇಕಡಾ 70ರಷ್ಟು ಮಂದಿ ಸಂವಿಧಾನದ ತಿದ್ದುಪಡಿಗೆ ಸಮ್ಮತಿಯ ಮುದ್ರೆಯೊತ್ತಿದರು. ಈಗ ಆ ನಿಧಿಯಿಂದ ಹೆಚ್ಚುವರಿಯಾಗಿ ತೆಗೆಯುವ ಶೇಕಡಾ 1.25ರಲ್ಲಿ ಐದರಲ್ಲಿ ಮೂರು ಪಾಲು ಶಿಶುಗಳಿಗೆ ಸಲ್ಲುತ್ತದೆ. 2025ರ ನವೆಂಬರ್ 1ರಿಂದ ಅಲ್ಲಿ ವರಮಾನದ ಭೇದವಿಲ್ಲದೆ ಎಲ್ಲ ಕುಟುಂಬಗಳಿಗೂ ಶಿಶುಪಾಲನೆಯ ವೆಚ್ಚವನ್ನು ರಾಜ್ಯವೇ ಭರಿಸುವ ಏರ್ಪಾಡು ಬಂದಿದೆ. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು.

ಇಲ್ಲಿಂದ ನಮಗೆ ಒದಗುವ ಮುಖ್ಯ ತಿಳಿವಳಿಕೆಯೆಂದರೆ, ಆ ಜನರು ಒಂದು ನಿರ್ದಿಷ್ಟ ನಿಧಿಯ ಒಂದು ನಿರ್ದಿಷ್ಟ ಅಂಶವನ್ನು ಒಂದು ನಿರ್ದಿಷ್ಟ ಸಮಿತಿಯ ಮುಂದೆ ಮತ್ತೆ ಮತ್ತೆ ಕೇಳಿದರೆಂಬುದು. ನಮ್ಮಲ್ಲಿ ಮನವಿಯ ರೀತಿಯೇ ಬೇರೆ. ಶಾಸಕರು ಊರಿಗೆ ಬಂದ ದಿವಸ ಹಾರ ಶಾಲುಗಳ ನಡುವೆ ಒಂದು ಹಾಳೆಯನ್ನು ಅವರ ಕೈಗಿತ್ತು, ‘ಸ್ವಾಮೀ, ನಮ್ಮೂರ ಅಂಗನವಾಡಿಗೆ ಒಂದು ದಾರಿ ತೋರಿಸಿ’ ಎಂದು ಕೈಮುಗಿಯುತ್ತೇವೆ. ಅವರು ‘ಆಗಲಿ ಬಿಡ್ರಮ್ಮ, ನೋಡೋಣ’ ಎಂದು ಆ ಹಾಳೆಯನ್ನು ಆಪ್ತ ಸಹಾಯಕರ ಕೈಗೆ ದಾಟಿಸುತ್ತಾರೆ. ಅಲ್ಲಿಗೆ ಅದರ ಯಾತ್ರೆ ಮುಗಿಯುತ್ತದೆ. ಶಾಸಕರಿಗೆ ಮನಸ್ಸಿಲ್ಲವೆಂದಲ್ಲ; ಅವರು ಆ ಹಾಳೆಯಿಂದ ಏನು ಮಾಡಬೇಕೆಂಬುದು ಹಾಳೆಯಲ್ಲಿಯೇ ಇರುವುದಿಲ್ಲ. ಕಟ್ಟಡವೊಂದಕ್ಕಾದರೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಹಣ ದೊರೆಯಬಹುದು. ಆದರೆ ಗೌರವಧನ, ಊಟದ ದರ, ಕೇಂದ್ರದ ಸಮಯ ಇವು ಕಟ್ಟಡಗಳಲ್ಲ, ನೀತಿಗಳು. ಇವುಗಳಿಗಾಗಿ ಶಾಸಕರು ತಮ್ಮ ನಿಧಿಯನ್ನಲ್ಲ, ತಮ್ಮ ದನಿಯನ್ನು ವ್ಯಯಿಸಬೇಕು.

ಆ ದನಿಗೆ ಸದನದಲ್ಲಿ ದಾರಿಗಳು ಹಲವು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು, ಉಪಪ್ರಶ್ನೆಗಳಿಗೂ ಒಳಗಾಗಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಅಂಕಿಅಂಶಗಳನ್ನು ಹೊರತರಲು ಅದೇ ಹೆಚ್ಚು ಉಪಯುಕ್ತ. ಗಮನ ಸೆಳೆಯುವ ಸೂಚನೆ, ಅರ್ಧ ಗಂಟೆಯ ಚರ್ಚೆ, ಇಲಾಖೆಯ ಬೇಡಿಕೆಗಳು ಮತಕ್ಕೆ ಬಂದಾಗ ಮಂಡಿಸುವ ಕಡಿತ ಸೂಚನೆ ಇವೆಲ್ಲವೂ ಸದಸ್ಯರು ಬಳಸಬಲ್ಲ ಸಾಧನಗಳು. ಸದನದ ಅಬ್ಬರದಿಂದ ದೂರವಾಗಿ ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಸಮಿತಿಯೆಂಬುದೊಂದು ಇದೆ. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಿ, ಜಿಲ್ಲೆಗಳಿಗೆ ಹೋಗಿ ಕಣ್ಣಾರೆ ನೋಡಿ ವರದಿ ಕೊಡುವ ಅದರ ಶಕ್ತಿಯನ್ನು ಸಾರ್ವಜನಿಕರು ಸಾಕಷ್ಟು ಗುರುತಿಸಿಲ್ಲ. ಅರ್ಜಿಗಳ ಸಮಿತಿಗೆ ಸಾಮಾನ್ಯ ನಾಗರಿಕನೂ ಸದಸ್ಯರೊಬ್ಬರ ಮೂಲಕ ತನ್ನ ಅರ್ಜಿಯನ್ನು ತಲುಪಿಸಬಹುದು. ಇವುಗಳ ಜೊತೆಗೆ 2020-21ರಿಂದ ಆಯವ್ಯಯದ ಸಂಗಡ ಮಕ್ಕಳ ಆಯವ್ಯಯವೆಂಬ ಪ್ರತ್ಯೇಕ ಪುಸ್ತಕವೂ ಬರುತ್ತಿದೆ. ಅದನ್ನು ಓದುವವರು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು: ಹದಿನೆಂಟು ವರ್ಷದವರೆಗಿನ ಎಲ್ಲರ ವೆಚ್ಚವೂ ಅಲ್ಲಿ ಕೂಡಿರುವುದರಿಂದ ಶಾಲಾ ಶಿಕ್ಷಣದ ದೊಡ್ಡ ಮೊತ್ತದ ನೆರಳಿನಲ್ಲಿ ಶಿಶುಗಳ ಪಾಲು ಎಷ್ಟೆಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಆ ಪಾಲನ್ನು ಬಿಡಿಸಿ ತೋರಿಸಿರೆಂದು ಕೇಳುವುದೇ ಒಂದು ಒಳ್ಳೆಯ ಪ್ರಶ್ನೆ.

ಈವರೆಗೆ ಈ ವಕಾಲತ್ತನ್ನು ಬಹುಮಟ್ಟಿಗೆ ಒಂಟಿಯಾಗಿ ಹೊತ್ತು ಬಂದವರು ಅಂಗನವಾಡಿಯ ಹೆಣ್ಣುಮಕ್ಕಳೇ. 2017ರ ಮಾರ್ಚಿನ ಬಿಸಿಲಿನಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬಂದ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ಬಳಿಯ ರಸ್ತೆಯಲ್ಲಿ ಹಗಲಿರುಳು ಕುಳಿತು, ಟಾರಿನ ಮೇಲೆಯೇ ಮಲಗಿ ಎದ್ದರು. 2022ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಪ್ರಕರಣವೊಂದರಲ್ಲಿ ಇವರಿಗೂ 1972ರ ಗ್ರ್ಯಾಚುಯಿಟಿ ಕಾಯಿದೆಯು ಅನ್ವಯಿಸುತ್ತದೆಂದು ತೀರ್ಪಿತ್ತ ಮೇಲೂ, ಅದು ಇಲ್ಲಿ ಕೈಗೂಡಬೇಕಾದರೆ 2023ರ ಜನವರಿಯಲ್ಲಿ ಮತ್ತೆ ಅದೇ ಸ್ಥಳದಲ್ಲಿ ಹಲವು ದಿನಗಳ ಧರಣಿ ನಡೆಯಬೇಕಾಯಿತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಎಲ್‌ಕೆಜಿ ಯುಕೆಜಿ ತೆರೆಯುವ ನಿರ್ಧಾರ ಹೊರಬಿದ್ದಾಗ, ನಾಲ್ಕು ವರ್ಷದ ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿಯು ಬರಿಯ ಆಹಾರ ಹಂಚುವ ಕೊಠಡಿಯಾಗಿ ಉಳಿದೀತೆಂದು ಅವರು ಮತ್ತೆ ಬೀದಿಗಿಳಿದರು; ಕೆಲವು ಅಂಗನವಾಡಿಗಳನ್ನೇ ಸರ್ಕಾರಿ ಮಾಂಟೆಸರಿಗಳನ್ನಾಗಿ ಮೇಲ್ದರ್ಜೆಗೆ ಏರಿಸುವ ಮಾತು ಆ ಬಳಿಕ ಬಂತು. ಇಂಗ್ಲಿಷ್ ಅಕ್ಷರ ಕಲಿಯಲೆಂದು ತಂದೆತಾಯಿಗಳು ಸಾಲ ಮಾಡಿಯಾದರೂ ಖಾಸಗಿ ಕಾನ್ವೆಂಟಿಗೆ ಮಕ್ಕಳನ್ನು ಕಳುಹಿಸುತ್ತಿರುವ ಕಾಲದಲ್ಲಿ ಸರ್ಕಾರದ ಕಳವಳವೂ ಅಕಾರಣವಲ್ಲ. ಆದರೆ ನನಗೆ ತೋರುವಂತೆ, ಮೂರು ವರ್ಷದ ಮಗುವಿಗೆ ಬೇಕಾದದ್ದು ಆಟ, ಮಾತು, ಕಥೆ, ಬಿಸಿ ಊಟ, ಪರಿಚಿತವಾದ ಒಂದು ಮುಖ. ಇವು ಅಂಗನವಾಡಿಯಲ್ಲಿ ಈಗಾಗಲೇ ಇವೆ, ಅವುಗಳನ್ನು ಬಲಪಡಿಸುವುದೇ ವಿವೇಕ.

ಈ ಧರಣಿಗಳ ಸುದ್ದಿಯನ್ನು ಓದುವ ನಾವು ಅದನ್ನು ನೌಕರರ ಕೂಲಿಯ ಜಗಳವೆಂದು ಬದಿಗಿಡುತ್ತೇವೆ. ಮಗುವನ್ನು ದಿನವಿಡೀ ಎತ್ತಿಕೊಳ್ಳುವವಳು ತನ್ನ ಮನೆಯ ಬಾಡಿಗೆಯ ಚಿಂತೆಯಲ್ಲಿದ್ದರೆ ಅದರ ಪರಿಣಾಮವು ಮಗುವಿನ ಮೇಲೆ ಆಗದೆ ಇರುವುದಿಲ್ಲ. ಆದುದರಿಂದ ಕಾರ್ಯಕರ್ತೆಯರ ಪಕ್ಕದಲ್ಲಿ ತಾಯಂದಿರೂ, ಅಜ್ಜಂದಿರೂ, ಶಿಶುವೈದ್ಯರೂ, ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರೂ ನಿಲ್ಲಬೇಕು. ವೈದ್ಯನೊಬ್ಬನು ತನ್ನ ತಾಲ್ಲೂಕಿನ ಮಕ್ಕಳ ರಕ್ತಹೀನತೆಯ ಬಗ್ಗೆ ಹೇಳುವ ಎರಡು ಮಾತನ್ನು ಶಾಸಕರು ಬೇರೆ ರೀತಿಯಲ್ಲಿ ಕೇಳುತ್ತಾರೆ; ಅದರಲ್ಲಿ ಸ್ವಂತ ಲಾಭದ ಶಂಕೆಗೆ ಆಸ್ಪದವಿಲ್ಲ. ಮಕ್ಕಳ ಪಾಲನೆಯು ತಾಯಿಯ ಧರ್ಮ, ಸರ್ಕಾರಕ್ಕೇಕೆ ಅದರ ಗೊಡವೆ ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಅವಿಭಕ್ತ ಕುಟುಂಬದಲ್ಲಿ ಅಜ್ಜಿ, ಚಿಕ್ಕಮ್ಮ, ಅತ್ತೆಯರ ಹತ್ತು ಕೈಗಳಲ್ಲಿ ಮಗು ಬೆಳೆಯುತ್ತಿದ್ದ ಕಾಲವನ್ನು ನೆನೆದು ಅವರು ಆಡುವ ಮಾತು ಅದು. ಆ ಹತ್ತು ಕೈಗಳು ಈಗ ಹತ್ತು ಊರುಗಳಲ್ಲಿ ಚದರಿವೆ. ತಾಯಿಯೊಬ್ಬಳ ಮೇಲೆ ಬಿದ್ದಿರುವ ಆ ಭಾರದಲ್ಲಿ ಒಂದಂಶವನ್ನು ಸಮಾಜವು ಹೊರಬೇಕೆಂದು ಕೇಳುವುದರಿಂದ ತಾಯ್ತನಕ್ಕೆ ಕುಂದು ಬರುವುದಿಲ್ಲ.

ರಾಜ್ಯದ ಆಯವ್ಯಯವು ಸಾಮಾನ್ಯವಾಗಿ ಫೆಬ್ರವರಿ ಮಾರ್ಚಿನಲ್ಲಿ ಮಂಡನೆಯಾಗುತ್ತದೆ. ಇಲಾಖೆಗಳ ಪ್ರಸ್ತಾವಗಳು ಅದಕ್ಕೆ ತಿಂಗಳುಗಳ ಮೊದಲೇ ಸಿದ್ಧವಾಗಿರುತ್ತವೆ. ಮಂಡನೆಯಾದ ಮೇಲೆ ಕೊಡುವ ಮನವಿಯು ಮುಂದಿನ ವರ್ಷಕ್ಕೆ ಸಲ್ಲುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೂಡುವ ಮುನ್ನವೇ, ದೀಪಾವಳಿ ಕಳೆದ ಕೂಡಲೇ ಶಾಸಕರನ್ನು ಕಂಡು ಪ್ರಶ್ನೆಗಳನ್ನು ಬರೆದುಕೊಡುವುದು ಲೇಸು. ಅದಕ್ಕೂ ಮೊದಲು ಅವರನ್ನು ಒಂದು ಬೆಳಗ್ಗೆ, ಹಾರತುರಾಯಿಗಳಿಲ್ಲದೆ, ಊರಿನ ಅಂಗನವಾಡಿಗೆ ಕರೆದೊಯ್ದು ಮಕ್ಕಳ ಜೊತೆ ಅರ್ಧ ಗಂಟೆ ಕೂರಿಸಿದರೆ ಪ್ರಶ್ನೆಗಳು ಅವರವೇ ಆಗುತ್ತವೆ. ಗ್ರಾಮ ಪಂಚಾಯಿತಿಯ ಸದಸ್ಯರನ್ನೂ ಅಂಗನವಾಡಿಯ ಬಾಲವಿಕಾಸ ಸಮಿತಿಯ ತಾಯಂದಿರನ್ನೂ ಸಂಗಡ ಕರೆದುಕೊಂಡು ಹೋಗತಕ್ಕದ್ದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಮಹಿಳೆಯರ ಮತ್ತು ಮಕ್ಕಳ ಅಭಿವೃದ್ಧಿಯನ್ನು ಪಂಚಾಯಿತಿಯ ವಿಷಯಗಳಲ್ಲಿಯೂ ಸೇರಿಸಿದೆ. ಬರೆದುಕೊಡಬೇಕಾದ ಪ್ರಶ್ನೆಗಳು ಮೂರು ಸಾಕು. ಈ ಕ್ಷೇತ್ರದ ಅಂಗನವಾಡಿಗಳಲ್ಲಿ ಸ್ವಂತ ಕಟ್ಟಡವೂ ಕುಡಿಯುವ ನೀರೂ ಶೌಚಾಲಯವೂ ಇಲ್ಲದವು ಎಷ್ಟು, ಅವು ಯಾವ ವರ್ಷದೊಳಗೆ ದೊರೆಯುವುವು? ತೆರೆದ ಕೂಸಿನ ಮನೆಗಳಲ್ಲಿ ಈ ತಿಂಗಳು ನಡೆಯುತ್ತಿರುವುವು ಎಷ್ಟು, ಅವುಗಳ ಪಾಲಕಿಯರಿಗೆ ಯಾವ ತಿಂಗಳವರೆಗಿನ ಕೂಲಿ ಸಂದಾಯವಾಗಿದೆ? ಗಾರ್ಮೆಂಟ್ಸ್ ಕೆಲಸಗಾರ್ತಿಯರು ನೆಲಸಿರುವ ಬಡಾವಣೆಗಳಲ್ಲಿ ಹೆಚ್ಚುವರಿ ಸಿಬ್ಬಂದಿಯನ್ನು ಕೊಟ್ಟು, ಅಂಗನವಾಡಿಯ ಬಾಗಿಲನ್ನು ಸಂಜೆ ಆರರವರೆಗೆ ತೆರೆದಿಡಲು ಎಷ್ಟು ಹಣ ಬೇಕು, ಮತ್ತು ಅದು ಬರುವ ಆಯವ್ಯಯದಲ್ಲಿ ಸೇರುವುದೇ?